ಕುಡಿತ ಬಿಟ್ಟ ಮನೆಗೆ ನಿದ್ದೆ ಮರಳಿ ಬರಲಿ



ಯಜಮಾನರು ಕುಡಿತ ಬಿಟ್ಟರೆ ಅಂದೇ ಮನೆಗೆ ಹಬ್ಬ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಆದರೆ ಬಿಟ್ಟ ನಂತರದ ರಾತ್ರಿಗಳು ಎಷ್ಟು ಉದ್ದ ಎಂಬುದು ಅನುಭವಿಸಿದವರಿಗೇ ಗೊತ್ತು.

ಅಂಥ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಮದ್ಯವರ್ಜನ ಶಿಬಿರ ಮುಗಿಸಿ ಅವರು ಮನೆಗೆ ಬಂದು ಹತ್ತು ದಿನ ಆಗಿದೆ. ರಾತ್ರಿ ಒಂದು ಗಂಟೆ. ಚಾಪೆಯ ಮೇಲೆ ಹೊರಳಾಡುತ್ತಾರೆ, ಎದ್ದು ಕೂರುತ್ತಾರೆ, ಬೀಡಿ ಹಚ್ಚುತ್ತಾರೆ, ಅಂಗಳಕ್ಕೆ ಹೋಗಿ ಬರುತ್ತಾರೆ. “ನಾಳೆ ಸಂಜೆ ಒಂದೇ ಒಂದು ತೊಂಬತ್ತು ಹಾಕಿ ಮಲಗ್ತೇನೆ. ನಿದ್ದೆ ಇಲ್ಲದೆ ಕೆಲಸಕ್ಕೆ ಹೋಗೋದು ಹೇಗೆ, ನೀನೇ ಹೇಳು” ಎನ್ನುತ್ತಾರೆ. ಹೆಂಡತಿಗೆ ಅಯ್ಯೋ ಪಾಪ ಅನ್ನಿಸುತ್ತದೆ. ಅಕ್ಕಿ ಡಬ್ಬದಲ್ಲಿ ಅಡಗಿಸಿಟ್ಟ ನೂರು ರೂಪಾಯಿ ನೆನಪಾಗುತ್ತದೆ. ಕೊಡಬೇಕೋ, ಬೇಡವೋ?

ಕೊಡಬಾರದು. ಯಾಕೆ ಕೊಡಬಾರದು, ಅದರ ಬದಲು ಏನು ಮಾಡಬಹುದು ಎಂಬುದೇ ಈ ತಿಂಗಳ ಪಾಠ.

ಕುಡಿದಾಗ ಬರುವ ನಿದ್ದೆ ಎಂಥದ್ದು?

ಕುಡಿದವರು ಬೇಗ ಮಲಗುತ್ತಾರೆ ಎಂಬುದು ನಿಜ. ಮದ್ಯ ಮೆದುಳನ್ನು ಮಂಕಾಗಿಸುತ್ತದೆ. ಆದರೆ ಮೂರು ನಾಲ್ಕು ಗಂಟೆಯಲ್ಲಿ ಅಮಲು ಇಳಿಯುತ್ತಿದ್ದಂತೆ ನಿದ್ದೆ ಒಡೆಯುತ್ತದೆ. ಗೊರಕೆ ಜಾಸ್ತಿ, ಬೆವರು, ಬಾಯಾರಿಕೆ, ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು. ಕನಸು ಕಾಣುವ ನಿದ್ದೆಯೂ ಕಡಿಮೆಯಾಗುತ್ತದೆ. ಎಂಟು ಗಂಟೆ ಹಾಸಿಗೆಯಲ್ಲಿದ್ದರೂ ಬೆಳಿಗ್ಗೆ ಮೈ ಭಾರ, ಮನಸ್ಸು ಸಿಡುಕು. ವರ್ಷಗಟ್ಟಲೆ ನಾವು ನಿದ್ದೆ ಅಂದುಕೊಂಡದ್ದು ಹೀಗೆ ಅರ್ಧಂಬರ್ಧ ನಿದ್ದೆ.

ಬಿಟ್ಟ ಮೇಲೆ ಯಾಕೆ ನಿದ್ದೆ ಬರುವುದಿಲ್ಲ?

ಒಬ್ಬ ಹೊರಗಿನಿಂದ ಬಾಗಿಲು ತಳ್ಳುತ್ತಿದ್ದಾನೆ, ಒಳಗಿನಿಂದ ನಾವು ಒತ್ತಿ ಹಿಡಿದಿದ್ದೇವೆ ಎನ್ನಿ. ಹೊರಗಿನವನು ಥಟ್ಟನೆ ಕೈ ಬಿಟ್ಟರೆ ನಾವು ಮುಗ್ಗರಿಸುತ್ತೇವೆ. ಮೆದುಳಿನ ಕಥೆಯೂ ಹೀಗೆಯೇ. ಮದ್ಯ ದಿನವೂ ಅದನ್ನು ಮಂಕು ಮಾಡುತ್ತಿತ್ತು. ಅದಕ್ಕೆ ಎದುರಾಗಿ ಮೆದುಳು ಹೆಚ್ಚು ಚುರುಕಾಗಿ, ಎಚ್ಚರವಾಗಿ ಇರಲು ಕಲಿತಿತ್ತು. ಈಗ ಮದ್ಯ ನಿಂತಿದೆ, ಆ ಎಚ್ಚರ ಮಾತ್ರ ಉಳಿದಿದೆ. ಆದ್ದರಿಂದಲೇ ಎದೆ ಡವಡವ, ತಳಮಳ, ಕಣ್ಣಿಗೆ ನಿದ್ದೆ ಇಲ್ಲ.

ಆದ್ದರಿಂದ ನಿದ್ದೆ ಬಾರದಿರುವುದನ್ನು “ಮೈ ಕುಡಿತ ಕೇಳ್ತಾ ಇದೆ” ಎಂದು ತಿಳಿಯಬೇಡಿ. ಮೈ ದುರಸ್ತಿ ಆಗುತ್ತಿದೆ ಎಂದು ತಿಳಿಯಿರಿ. ಹೆಚ್ಚಿನವರಿಗೆ ಮೊದಲ ಒಂದೆರಡು ವಾರ ತುಂಬಾ ಕಷ್ಟ. ಆಮೇಲೆ ನಿದ್ದೆ ಸ್ವಲ್ಪ ಸ್ವಲ್ಪವಾಗಿ ಕೂಡಿಬರುತ್ತದೆ. ಕೆಲವರಿಗೆ ಕೆಲವು ತಿಂಗಳೇ ಬೇಕಾಗಬಹುದು. ಹನ್ನೊಂದನೆಯ ದಿನ ಒಂದು ತೊಂಬತ್ತು ಕೊಟ್ಟರೆ ಆ ಹತ್ತು ರಾತ್ರಿಯ ಕಷ್ಟ ನೀರಿನಲ್ಲಿ ಹೋಮ ಮಾಡಿದಂತೆ. ಒಂದು ತೊಂಬತ್ತು ಒಂದಕ್ಕೇ ನಿಲ್ಲುವುದಿಲ್ಲ ಎಂಬುದೂ ನಮಗೆಲ್ಲ ಗೊತ್ತಿದೆ.

ಕುಡಿದ ಹಾಗೆ ಕನಸು ಬೀಳುವುದೂ ಉಂಟು. ಗಾಬರಿಯಾಗಿ ಎದ್ದು ಕೂರುತ್ತಾರೆ. ಕನಸು ತಪ್ಪಲ್ಲ, ಅದಕ್ಕಾಗಿ ಬೈಯಬೇಡಿ.

ಮೊದಲ ದಿನಗಳ ಎಚ್ಚರಿಕೆ

ದಿನವೂ ಹೆಚ್ಚು ಕುಡಿಯುವವರು ಮನೆಯಲ್ಲೇ ಒಮ್ಮೆಲೇ ನಿಲ್ಲಿಸುವುದು ಅಪಾಯ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನಗಳ ಒಳಗೆ ಇಲ್ಲದ ಹುಳ, ಹಾವು, ಮನುಷ್ಯರು ಕಾಣಿಸುವುದು, ದಿಕ್ಕು ತೋಚದೆ ಮಾತಾಡುವುದು, ವಿಪರೀತ ನಡುಕ, ಬೆವರು, ಜ್ವರ ಬರಬಹುದು. ಇದು ಗಾಳಿ ಸೋಂಕಲ್ಲ, ಮಂತ್ರ ತಾಯತಕ್ಕೆ ಕಾಯಬೇಡಿ. ಜೀವಕ್ಕೆ ಅಪಾಯ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ನಿಲ್ಲಿಸುವ ಮೊದಲೇ ಡಾಕ್ಟರನ್ನು ಕಂಡರೆ ತಕ್ಕ ಮಾತ್ರೆ ಮತ್ತು ಬಿ1 ವಿಟಮಿನ್ ಕೊಟ್ಟು ಈ ದಿನಗಳನ್ನು ಸುರಕ್ಷಿತವಾಗಿ ದಾಟಿಸುತ್ತಾರೆ.

ಸಂಜೆಯೇ ರಾತ್ರಿಯ ತಯಾರಿ

ಕುಡಿತದ ಆಸೆ ಹೆಚ್ಚಾಗಿ ಹಳೆಯ ಹೊತ್ತಿಗೇ ಬರುತ್ತದೆ. ಕೆಲಸ ಬಿಟ್ಟು ಬರುವಾಗ ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕೂ ಒಟ್ಟಿಗೆ ಇರುತ್ತವೆ. ಇವನ್ನು ಒಂದೊಂದಾಗಿ ಇಳಿಸಬೇಕು.

1. ಬಂದ ಕೂಡಲೇ ಹೊಟ್ಟೆಗೆ ಏನಾದರೂ ಕೊಡಿ. ಅವಲಕ್ಕಿ, ಬಾಳೆಹಣ್ಣು, ಗಂಜಿ, ಮಜ್ಜಿಗೆ ಏನಿದ್ದರೂ ಸರಿ. ಹೊಟ್ಟೆ ತುಂಬಿದರೆ ಆಸೆ ಅರ್ಧ ಇಳಿಯುತ್ತದೆ.
2. ಮಧ್ಯಾಹ್ನದ ನಂತರ ಕಾಫಿ, ಚಹಾ ಬೇಡ. ಅದರ ಅಂಶ ಹಲವು ಗಂಟೆ ಮೈಯಲ್ಲಿರುತ್ತದೆ. ಬೀಡಿ, ಸಿಗರೇಟು, ತಂಬಾಕೂ ನಿದ್ದೆ ಕೆಡಿಸುತ್ತವೆ, ಮಲಗುವ ಮುಂಚೆ ಅಂತೂ ಬೇಡವೇ ಬೇಡ.
3. ಬಿಸಿನೀರಿನ ಸ್ನಾನ ಮೈಯ ಬಿಗಿತ ಬಿಡಿಸುತ್ತದೆ.
4. ವೈನ್ ಶಾಪಿನ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಬರಲಿ. ಆ ಹೊತ್ತಿಗೆ ಏನಾದರೂ ಕೆಲಸ ಇರಲಿ: ತರಕಾರಿಗೆ ನೀರು ಹಾಕುವುದು, ಮಗಳ ಲೆಕ್ಕದ ಪುಸ್ತಕ ನೋಡುವುದು.
5. ಸಾಲದ ಕಂತು, ಜಮೀನಿನ ತಂಟೆ, ಹಳೆಯ ತಪ್ಪುಗಳ ಲೆಕ್ಕ ರಾತ್ರಿ ತೆಗೆಯಬೇಡಿ. ಹೇಳಲೇಬೇಕಾದ್ದನ್ನು ಬೆಳಿಗ್ಗೆ ಹೇಳಿ.

ರಾತ್ರಿ ನಿದ್ದೆ ಬಾರದಾಗ

ಬಲವಂತ ಮಾಡಿದರೆ ನಿದ್ದೆ ಇನ್ನೂ ದೂರ ಓಡುತ್ತದೆ. ಗಡಿಯಾರ, ಮೊಬೈಲ್ ನೋಡುವುದು ಬೇಡ. ಅರ್ಧ ಗಂಟೆ ಹೊರಳಾಡಿದರೂ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂತುಕೊಳ್ಳಲಿ. ಕಣ್ಣು ಎಳೆಯತೊಡಗಿದಾಗ ಮತ್ತೆ ಮಲಗಲಿ.

ಉಸಿರಿನ ಅಭ್ಯಾಸ: ನಾಲ್ಕು ಎಣಿಸುತ್ತಾ ಮೂಗಿನಿಂದ ಉಸಿರು ಎಳೆದುಕೊಳ್ಳಿ, ಆರು ಎಣಿಸುತ್ತಾ ನಿಧಾನ ಬಿಡಿ. ಹತ್ತು ನಿಮಿಷ ಮಾಡಿ. ಬಿಡುವ ಉಸಿರು ಉದ್ದವಾದರೆ ಎದೆಬಡಿತ ನಿಧಾನವಾಗುತ್ತದೆ.

ಮೈ ಸಡಿಲಿಸುವುದು: ಪಾದವನ್ನು ಐದು ಎಣಿಸುವಷ್ಟು ಬಿಗಿ ಹಿಡಿದು ಸಡಿಲ ಬಿಡಿ. ಹೀಗೆಯೇ ಮೀನಖಂಡ, ತೊಡೆ, ಹೊಟ್ಟೆ, ಮುಷ್ಟಿ, ಹೆಗಲು, ಮುಖ. ಮೊದಲ ದಿನವೇ ಫಲ ಸಿಗಲಿಕ್ಕಿಲ್ಲ, ಎರಡು ವಾರ ಬಿಡದೆ ಮಾಡಬೇಕು.

ಜಪಸರ ಹೇಳುವವರು ಹೇಳಲಿ, ಭಜನೆ ಬರುವವರು ಮೆಲ್ಲನೆ ಹಾಡಿಕೊಳ್ಳಲಿ, ನಮಾಜು ಮಾಡುವವರು ಮಾಡಲಿ. ಒಂದೇ ಲಯದ ಪ್ರಾರ್ಥನೆ ಅಲೆಯುವ ಮನಸ್ಸಿಗೆ ಒಂದು ಗೂಟ ಇದ್ದಂತೆ.

ರಾತ್ರಿ ಎಷ್ಟೇ ಕೆಟ್ಟದಾಗಿ ಕಳೆದರೂ ಬೆಳಿಗ್ಗೆ ಅದೇ ಹೊತ್ತಿಗೆ ಏಳಬೇಕು, ಸ್ವಲ್ಪ ಬಿಸಿಲಿನಲ್ಲಿ ನಡೆಯಬೇಕು. ಹಗಲು ಉದ್ದಕ್ಕೆ ಮಲಗಿದರೆ ರಾತ್ರಿಯ ನಿದ್ದೆ ಕಳ್ಳತನವಾಗುತ್ತದೆ.

ಮಾತ್ರೆ, ಟಾನಿಕ್ ಬಗ್ಗೆ

ಮೆಡಿಕಲ್ ಶಾಪಿನಲ್ಲಿ ಕೇಳಿ ನಿದ್ದೆ ಮಾತ್ರೆ ತರಬೇಡಿ. ಕೆಲವು ಮಾತ್ರೆ ತಾವೇ ಚಟ ಹಿಡಿಸುತ್ತವೆ, ಮದ್ಯದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು. ಡಾಕ್ಟರು ಬರೆದದ್ದನ್ನು ಬರೆದಷ್ಟು ದಿನ ಮಾತ್ರ ಕೊಡಿ. ಆಸವ, ಅರಿಷ್ಟಗಳಲ್ಲಿ ತಯಾರಿಕೆಯಲ್ಲೇ ಮದ್ಯಸಾರ ಹುಟ್ಟುತ್ತದೆ. ಕೆಲವು ಕೆಮ್ಮಿನ ಸಿರಪ್‌ಗಳಲ್ಲೂ ಅದು ಇರುತ್ತದೆ. ಕುಡಿತ ಬಿಟ್ಟವರಿಗೆ ಇವು ಬೇಡ.

ನಿಮ್ಮ ನಿದ್ದೆಯ ಮಾತು

ಸಹೋದರಿಯರೇ, ವರ್ಷಗಟ್ಟಲೆ ಬಾಗಿಲ ಸದ್ದಿಗೆ ಕಿವಿ ಕೊಟ್ಟು ಮಲಗಿದವರು ನಾವು. ಅವರು ಕುಡಿತ ಬಿಟ್ಟರೂ ನಮ್ಮ ಕಿವಿ ಕಾಯುವುದನ್ನು ಬಿಡುವುದಿಲ್ಲ. ಆದ್ದರಿಂದ ಮೇಲಿನ ಅಭ್ಯಾಸಗಳನ್ನು ನೀವೂ ಜೊತೆಗೆ ಮಾಡಿ. ರಾತ್ರಿಯಿಡೀ ಅವರಿಗೆ ಕಾವಲು ಕೂರಬೇಡಿ. ಮೈಕೈ ನೋವಿಗೆಂದು ಶುರುಮಾಡಿ ತಾವೇ ಕುಡಿತಕ್ಕೆ ಸಿಕ್ಕಿದ ಸಹೋದರಿಯರೂ ನಮ್ಮ ನಡುವೆ ಇದ್ದಾರೆ. ಅವರಿಗೂ ಇದೇ ಪಾಠ, ಇದೇ ಚಿಕಿತ್ಸೆ. ಅವರನ್ನು ಆಡಿಕೊಳ್ಳುವುದು ಸಂಘದ ಕೆಲಸವಲ್ಲ.

ಒಬ್ಬ ಕೂಲಿಯವರ ದಾರಿ

ಐರ್ಲೆಂಡಿನ ಡಬ್ಲಿನ್ ನಗರದ ಮ್ಯಾಟ್ ಟಾಲ್ಬಟ್ (1856–1925) ಹುಡುಗನಾಗಿದ್ದಾಗಲೇ ಕುಡಿತಕ್ಕೆ ಬಿದ್ದ ಕೂಲಿಯವರು. 1884ರಲ್ಲಿ ಬಿಡುತ್ತೇನೆ ಎಂದು ದೇವರ ಮುಂದೆ ಮಾತು ಕೊಟ್ಟರು. ಅದೂ ಮೊದಲು ಮೂರು ತಿಂಗಳಿಗೆ ಮಾತ್ರ. ಕೆಲಸ ಬಿಟ್ಟ ಸಂಜೆ ಹೆಂಡದಂಗಡಿಗೆ ಹೋಗುವ ಬದಲು ದೇವಾಲಯಕ್ಕೆ ಹೋಗಿ ಕೂರುತ್ತಿದ್ದರು. ಹಳೆಯ ಸಂಜೆಯ ಜಾಗಕ್ಕೆ ಹೊಸ ಸಂಜೆ ಇಟ್ಟರು. ಮುಂದೆ 41 ವರ್ಷ, ಸಾಯುವ ತನಕ ಕುಡಿಯಲಿಲ್ಲ. 1975ರಲ್ಲಿ ಧರ್ಮಸಭೆ ಅವರನ್ನು ಪೂಜ್ಯರೆಂದು ಘೋಷಿಸಿತು. ನಮ್ಮ ಮನೆಯವರೂ ಜೀವಮಾನದ ಮಾತು ಕೊಡಬೇಕಾಗಿಲ್ಲ. ಇವತ್ತಿನ ರಾತ್ರಿಯ ಮಾತು ಕೊಟ್ಟರೆ ಸಾಕು.

ಸಹಾಯ ಎಲ್ಲಿ?

ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್. ವ್ಯಸನಮುಕ್ತಿಗೆ ಸರಕಾರದ ಉಚಿತ ದೂರವಾಣಿ 14446. ಮನಸ್ಸಿನ ತಳಮಳಕ್ಕೆ ಟೆಲಿ ಮನಸ್ 14416, ಕನ್ನಡದಲ್ಲೂ ಮಾತಾಡಬಹುದು. ಕುಡಿತ ಬಿಟ್ಟವರಿಗೆ ಎ.ಎ. ಸಭೆಗಳು, ಮನೆಯವರಿಗೆ ಅಲ್-ಅನಾನ್ ಸಭೆಗಳು ಇವೆ. ಸಾಯುವ ಮಾತು ಆಡಿದರೆ ಒಬ್ಬರನ್ನೇ ಬಿಡದೆ ಕೂಡಲೇ ಸಹಾಯ ಪಡೆಯಿರಿ.

ಸಭೆಯಲ್ಲಿ ಚರ್ಚಿಸೋಣ

1. “ಪಾಪ, ಸ್ವಲ್ಪ ಕುಡೀಲಿ” ಎಂದು ನಮಗೆ ಅನ್ನಿಸಿದ ಸಂದರ್ಭ ಯಾವುದು? ಆಮೇಲೆ ಏನಾಯಿತು?
2. ನಮ್ಮ ಮನೆಯ ಸಂಜೆ 6ರಿಂದ 9ರ ಹೊತ್ತಿನಲ್ಲಿ ಯಾವ ಒಂದು ಬದಲಾವಣೆ ಸಾಧ್ಯ?
3. ಹೊಸದಾಗಿ ಕುಡಿತ ಬಿಟ್ಟವರ ಮನೆಗೆ ನಮ್ಮ ಸಂಘ ಹೇಗೆ ಜೊತೆಯಾಗಬಹುದು?

ಈ ತಿಂಗಳ ಅಭ್ಯಾಸ: ಸಭೆ ಮುಗಿಯುವ ಮೊದಲು ಎಲ್ಲರೂ ಕಣ್ಣು ಮುಚ್ಚಿ ಐದು ನಿಮಿಷ ಉಸಿರಿನ ಅಭ್ಯಾಸ ಮಾಡಿ. ಮನೆಗೆ ಹೋಗಿ ಮನೆಯವರಿಗೂ ಕಲಿಸಿ. ಅಕ್ಕಿ ಡಬ್ಬದ ಆ ನೂರು ರೂಪಾಯಿ ಮುಂದಿನ ವಾರ ಸಂಘದ ಉಳಿತಾಯದ ಪುಸ್ತಕಕ್ಕೆ ಬರಲಿ.