ಮಫ್ಲರ್ ಬಿಚ್ಚಿ ಕೂತುಕೋ

ಸಂಕ್ರಾಂತಿಗೆ ಬಂದವನು ಮೂರು ದಿನವೂ ಕುತ್ತಿಗೆಯ ಮಫ್ಲರ್ ತೆಗೆಯಲಿಲ್ಲ. ಚಿತ್ರದುರ್ಗದ ಮಾಗಿ ಚಳಿಗೆ ಬೆಂಗಳೂರಿನ ಹುಡುಗ ಬೆದರಿದ ಅಂತ ನಿನ್ನ ಅಜ್ಜಿ ನಕ್ಕಳು. ನನಗೆ ಕಂಡಿದ್ದು ಬೇರೆ. ನಿನ್ನೆ ಬೆಳಿಗ್ಗೆ ಹಿತ್ತಿಲ ಕಿಟಕಿಗೆ ಕನ್ನಡಿ ಒರಗಿಸಿಕೊಂಡು, ನಿಮ್ಮಮ್ಮನ ಸೇಫ್ಟಿ ಪಿನ್ನಿನಿಂದ ಗಂಟಲ ಕೆಳಗೆ ಏನನ್ನೋ ಕೆದಕುತ್ತಿದ್ದೆಯಲ್ಲ, ಅದು. ಎಲ್ಲರೆದುರು ಕೇಳಿದರೆ ಮುಜುಗರವಾದೀತು ಅಂತ ಸುಮ್ಮನಿದ್ದೆ. ಈಗ ಅವರೆಲ್ಲ ದೇವಸ್ಥಾನಕ್ಕೆ ಹೋಗಿದ್ದಾರೆ, ನಿನ್ನ ಬಸ್ಸಿಗೆ ಇನ್ನೂ ಎರಡು ಗಂಟೆ ಇದೆ. ಮಫ್ಲರ್ ಬಿಚ್ಚಿ ಇಲ್ಲಿ ಜಗಲಿಯ ಬೆಳಕಿಗೆ ಕೂತುಕೋ.

ನಾನೇನು ಡಾಕ್ಟರಲ್ಲ, ಗೊತ್ತಲ್ಲ. 31 ವರ್ಷ ಸರ್ಕಾರಿ ಆಸ್ಪತ್ರೆಯ ಕಿಟಕಿಯಲ್ಲಿ ಮಾತ್ರೆ ಎಣಿಸಿ, ಮುಲಾಮು ಕಟ್ಟಿ ಕೊಟ್ಟ ಕಾಂಪೌಂಡರ್. ಆದರೆ ಕಿಟಕಿಯ ಈಚೆ ಕೂತವನಿಗೆ ಜನರ ಮುಖ ಬಹಳ ಹತ್ತಿರದಿಂದ ಕಾಣುತ್ತದೆ ಕಣೋ. ಪೊಲೀಸರು, ಬಸ್ ಕಂಡಕ್ಟರುಗಳು, ಬ್ಯಾಂಕಿನವರು, ದಿನಾ ಗಡ್ಡ ಹೆರೆಯಲೇಬೇಕಾದವರೆಲ್ಲ ಇದೇ ಗುಳ್ಳೆ ಹೊತ್ತು ಬರುತ್ತಿದ್ದರು. ಬಂದವರೆಲ್ಲ 'ಉಷ್ಣ ಸಾರ್' ಅನ್ನುತ್ತಿದ್ದರು. ನೀನೂ ಹಾಗೇ ಅಂದುಕೊಂಡು ಎಳನೀರು ಕುಡಿಯುತ್ತಿದ್ದೀಯೇನೋ. ಕುಡಿ, ಒಳ್ಳೆಯದೇ. ಗುಳ್ಳೆಗೂ ಅದಕ್ಕೂ ಸಂಬಂಧವಿಲ್ಲ.

ಅದು ನಿನ್ನದೇ ಕೂದಲು, ನಿನ್ನದೇ ಚರ್ಮಕ್ಕೆ ಚುಚ್ಚಿಕೊಂಡಿದೆ. ನಮ್ಮ ವಂಶದ ಕೂದಲು ಗುಂಗುರು. ತಲೆಯ ಮೇಲೆ ಚಂದ, ಗಡ್ಡದಲ್ಲಿ ಕಾಟ. ಬ್ಲೇಡು ಓರೆಯಾಗಿ ಕತ್ತರಿಸಿದ ಕೂದಲಿನ ತುದಿ ಭರ್ಜಿಯ ಹಾಗೆ ಚೂಪಾಗಿರುತ್ತದೆ. ನೆಟ್ಟಗಿನ ಕೂದಲಾದರೆ ಹೊರಗೆ ಬೆಳೆದು ಹೋದೀತು. ಗುಂಗುರು ಕೂದಲು ಕೊಂಚ ಬೆಳೆದು, ಬಾಗಿ, ಪಕ್ಕದ ಚರ್ಮಕ್ಕೇ ಇಳಿಯುತ್ತದೆ. ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸಿಹೋದ ಕೂದಲಿನದು ಇನ್ನೂ ಕೆಟ್ಟ ಕತೆ: ಹೊರಗೆ ಬರುವ ಮೊದಲೇ ತನ್ನ ಬುಡದ ಗೋಡೆಯನ್ನು ತೂತು ಮಾಡುತ್ತದೆ. ಕಾಲಿಗೆ ಜಾಲಿ ಮುಳ್ಳು ಹೊಕ್ಕರೆ ಸುತ್ತ ಕೆಂಪಾಗಿ ಊದುವುದಿಲ್ಲವೇ, ಹಾಗೇ ಇಲ್ಲೂ ಊದುತ್ತದೆ. ಮೈಗೆ ಮುಳ್ಳೇನು, ಕೂದಲೇನು, ಎರಡೂ ಒಂದೇ.

ಈಗ ನಿನ್ನ ರೇಜರ್ ತೋರಿಸು. ಐದು ಅಲಗಿನದು, ಅಲ್ಲವಾ? ನಮ್ಮ ಕಾಲಕ್ಕೆ ಒಂದೇ ಬ್ಲೇಡು, ಎಣ್ಣೆ ಕಾಗದದಲ್ಲಿ ಸುತ್ತಿ ಬರುತ್ತಿತ್ತು. 1971ರಲ್ಲಿ ಜಿಲೆಟ್ ಕಂಪನಿ ಎರಡು ಅಲಗು ಜೋಡಿಸಿತು, 1998ರಲ್ಲಿ ಮೂರು, 2006ಕ್ಕೆ ಐದು. ಮೊದಲ ಅಲಗು ಕೂದಲನ್ನು ಹಿಡಿದು ತುಸು ಮೇಲೆಳೆಯುತ್ತದೆ, ಅದು ಒಳಗೆ ಜಾರುವಷ್ಟರಲ್ಲಿ ಹಿಂದಿನ ಅಲಗು ಇನ್ನಷ್ಟು ಕೆಳಗೆ ಕತ್ತರಿಸುತ್ತದೆ. ಕೈಯಾಡಿಸಿದರೆ ಗಾಜಿನಂಥ ನುಣುಪು. ನೆಟ್ಟಗಿನ ಕೂದಲಿನವರಿಗೆ ಅದು ಭಾಗ್ಯ. ನಮ್ಮಂಥವರಿಗೆ ಆ ನುಣುಪೇ ರೋಗ. ನೀನು ಶೇವ್ ಆದ ಮೇಲೆ ಯಾವ ಕ್ರೀಂ ಹಚ್ಚಬೇಕು ಅಂತ ಕೇಳಬಹುದು, ಹೇಳುತ್ತೇನೆ. ಆದರೆ ದಿನಾ ಮುಳ್ಳು ಚುಚ್ಚಿಕೊಂಡು ದಿನಾ ಮುಲಾಮು ಹಚ್ಚುವವನಿಗೆ ಯಾವ ಮುಲಾಮೂ ಸಾಲದು.

ಹೆರೆಯುವುದನ್ನು ನಿಲ್ಲಿಸುವುದೇ ಮದ್ದು ಅಂತ ನನಗೆ ಕಲಿಸಿದವರು ಅಯ್ಯಪ್ಪನ ಭಕ್ತರು. ನಗಬೇಡ. ನವೆಂಬರಿನಲ್ಲಿ ಮಾಲೆ ಹಾಕುವ ಮೊದಲು ಕುತ್ತಿಗೆ ತುಂಬ ಗುಳ್ಳೆ ತೋರಿಸಿ ಮುಲಾಮು ಒಯ್ದವರು, 41 ದಿನದ ವ್ರತ ಮುಗಿಸಿ ಶಬರಿಮಲೆಯಿಂದ ಬಂದು ಪ್ರಸಾದ ಕೊಡುವಾಗ ಗಡ್ಡದೊಳಗೆ ಒಂದು ಗುಳ್ಳೆಯೂ ಇರುತ್ತಿರಲಿಲ್ಲ. 'ಸ್ವಾಮಿ ಕೃಪೆ' ಅನ್ನುತ್ತಿದ್ದರು. ಕೃಪೆಯೇ ಇರಲಿ, ದಾರಿ ಮಾತ್ರ ಸರಳ: ಕೂದಲು ಸುಮಾರು ಒಂದು ಸೆಂಟಿಮೀಟರ್ ಉದ್ದವಾದರೆ ಸ್ಪ್ರಿಂಗಿನ ಹಾಗೆ ಚಿಮ್ಮಿ, ಸಿಕ್ಕಿಕೊಂಡ ತುದಿ ತಾನೇ ಹೊರಗೆ ಬರುತ್ತದೆ. ಅದಕ್ಕೆ ಮೂರು ನಾಲ್ಕು ವಾರ ಸಾಕು. ಮಾಲೆ ತೆಗೆದ ಮರುದಿನ ಅದೇ ಜನ ಕಟಿಂಗ್ ಶಾಪಿನಲ್ಲಿ ಕೂತು ಉಲ್ಟಾ ಶೇವ್ ಮಾಡಿಸಿಕೊಂಡು, ಶಿವರಾತ್ರಿ ಹೊತ್ತಿಗೆ ಮತ್ತೆ ನನ್ನ ಕಿಟಕಿಗೇ ಬರುತ್ತಿದ್ದರು.

ನಾನೂ ಸಾಚಾ ಅಲ್ಲ. 1986ರಲ್ಲಿ ನನ್ನ ಮದುವೆ. ಹಿಂದಿನ ರಾತ್ರಿ ಒಮ್ಮೆ ನೇರಕ್ಕೆ, ಎರಡು ಬಾರಿ ಉಲ್ಟಾ ಹೆರೆದುಕೊಂಡೆ. ಸಾಲದ್ದಕ್ಕೆ, ನಂಜಾಗಬಾರದು ಅಂತ ಆಸ್ಪತ್ರೆಯಿಂದ ತಂದ ಆ್ಯಂಟಿಸೆಪ್ಟಿಕ್ ದ್ರವವನ್ನು ನೀರು ಬೆರೆಸದೆ ಹಚ್ಚಿದೆ. ಕಾಂಪೌಂಡರ್ ಅಲ್ಲವೇ, ಜಾಣತನ! ಬೆಳಗಾಗುವಷ್ಟರಲ್ಲಿ ಕುತ್ತಿಗೆ ಸುಲಿದ ಗೆಣಸಿನಂತಾಗಿತ್ತು. ಅದರ ಮೇಲೆ ಸುಗಂಧರಾಜದ ಹಾರ. ಮದುವೆ ಆಲ್ಬಂ ತೆಗೆದು ನೋಡು, ಒಂದು ಫೋಟೋದಲ್ಲೂ ನಾನು ನಿಮ್ಮ ದೊಡ್ಡಮ್ಮನ ಕಡೆ ಕತ್ತು ತಿರುಗಿಸಿಲ್ಲ. ಅವಳು ಇವತ್ತಿಗೂ ಅದನ್ನು ಆಡಿ ತೋರಿಸುತ್ತಾಳೆ.

ಉರಿದರೇ ಔಷಧಿ ಅನ್ನುವುದು ನಮ್ಮ ಜನರ ದೊಡ್ಡ ನಂಬಿಕೆ. ನಿನ್ನ ಆಫ್ಟರ್‌ಶೇವ್ ಬಾಟಲಿ ಮೂಸಿ ನೋಡಿದೆ. ಮುಕ್ಕಾಲು ಸ್ಪಿರಿಟ್ಟಿನ ವಾಸನೆ. ಆಗತಾನೇ ಹೆರೆದ ಚರ್ಮದ ಮೇಲ್ಪದರ ಅಲ್ಲಲ್ಲಿ ಎದ್ದಿರುತ್ತದೆ. ಅದರ ಮೇಲೆ ಆಲ್ಕೋಹಾಲ್ ಸುರಿದರೆ ಇದ್ದಬದ್ದ ಜಿಡ್ಡೂ ಹೋಗುತ್ತದೆ. ಆಮೇಲೆ ದಿನವಿಡೀ ನೀನು ಕೆಲಸ ಮಾಡುವ ಹೋಟೆಲಿನ ಎ.ಸಿ. ಗಾಳಿ ಬೇರೆ. ಮಧ್ಯಾಹ್ನದ ಹೊತ್ತಿಗೆ ಕೆನ್ನೆ ಬಿಗಿದು, ಬಾಯಿಯ ಪಕ್ಕ ಬೆಳ್ಳಗೆ ಪುಡಿ ಏಳದೆ ಇನ್ನೇನಾಗುತ್ತದೆ? ಒಣಗಿ ಗಡುಸಾದ ಮೇಲ್ಪದರ ಕೂದಲ ಬಾಯಿಗೆ ಮುಚ್ಚಳ ಹಾಕಿದಂತಾಗಿ, ಹೊರಗೆ ಬರಬೇಕಾದದ್ದು ಒಳಗೇ ಸುತ್ತಿಕೊಳ್ಳುತ್ತದೆ. ಒಣ ಚರ್ಮ ಒಂದು ತೊಂದರೆ, ಗುಳ್ಳೆ ಇನ್ನೊಂದು ತೊಂದರೆ ಅಂತ ನೀನು ಬೇರೆ ಬೇರೆ ಲೆಕ್ಕ ಹಾಕಿದ್ದೀಯ. ಅವು ಒಂದರ ಕೈ ಒಂದು ಹಿಡಿದುಕೊಂಡು ಬಂದಿವೆ.

ಹೆರೆಯಲೇಬೇಕಾದಾಗ ಹೇಗೆ ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಸ್ನಾನ ಆದ ಮೇಲೆ ಶೇವ್ ಮಾಡು, ಮೊದಲಲ್ಲ. ಎರಡು ಮೂರು ನಿಮಿಷ ಬೆಚ್ಚನೆ ನೀರಿನಲ್ಲಿ ನೆನೆದ ಕೂದಲು ಮೆತ್ತಗಾಗಿ ಸುಲಭಕ್ಕೆ ತುಂಡಾಗುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ, ಬಿಳಿ ಕರೆ ಮುಖಕ್ಕೇ ಅಂಟುತ್ತದೆ. ಒಂದು ಮಗ್ ಕುಡಿಯುವ ನೀರು ಕಾಯಿಸಿಕೊಂಡರೆ ಏನೂ ನಷ್ಟವಿಲ್ಲ. ಮೈಸೋಪಿನ ಬದಲು ಶೇವಿಂಗ್ ಕ್ರೀಮನ್ನೋ ಜೆಲ್ಲನ್ನೋ ಹಚ್ಚಿ ಒಂದು ನಿಮಿಷ ಬಿಡು. ರೇಜರು ಒಂದೇ ಅಲಗಿನದಿರಲಿ. ಚರ್ಮ ಎಳೆದು ಹಿಡಿಯಬೇಡ. ಕೂದಲು ಮಲಗಿದ ಕಡೆಗೇ ಹೆರೆ. ಕುತ್ತಿಗೆಯಲ್ಲಿ ಅದು ಒಂದು ಪಕ್ಕಕ್ಕೆ ಓಡಿ, ಇನ್ನೊಂದು ಕಡೆ ಸುಳಿ ಸುತ್ತಿರುತ್ತದೆ, ಬೆರಳಾಡಿಸಿ ನೋಡಿಕೋ. ಐದಾರು ಶೇವ್ ಆದ ಬ್ಲೇಡನ್ನು ಎಸೆ, ಜಿಪುಣತನ ಬೇರೆ ಕಡೆ ತೋರಿಸು.

ಇನ್ನು ನೀನು ಕಾಯುತ್ತಿದ್ದ ಮಾತು. ಕೊನೆಗೆ ತಣ್ಣೀರು ಸೋಕಿಸು. ಟವೆಲ್ಲಿನಿಂದ ಎಮ್ಮೆ ಮೈ ತಿಕ್ಕಿದ ಹಾಗೆ ಉಜ್ಜುವುದು ಬೇಡ. ಹಳೆಯ ಪಂಚೆಯ ತುಂಡಿನಿಂದ ಒತ್ತಿ ಒತ್ತಿ ನೀರು ಹೀರಿಸು. ಚರ್ಮದಲ್ಲಿ ಇನ್ನೂ ತೇವ ಇರುವಾಗಲೇ, ಎರಡು ಮೂರು ನಿಮಿಷದೊಳಗೆ, ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚು. ಗುಟ್ಟಿರುವುದು ಆ ತೇವದಲ್ಲೇ. ಕ್ರೀಂ ನೀರನ್ನು ಹುಟ್ಟಿಸುವುದಿಲ್ಲ, ಇದ್ದ ನೀರು ಹಾರಿಹೋಗದ ಹಾಗೆ ತಡೆಯುತ್ತದೆ. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಖಾಲಿ ಕೊಡಕ್ಕೆ ಮುಚ್ಚಳ ಮುಚ್ಚಿದಂತೆ. ಡಬ್ಬಿಯ ಹಿಂದೆ ಗ್ಲಿಸರಿನ್ ಅಂತಲೋ ಸೆರಮೈಡ್ ಅಂತಲೋ ಬರೆದಿದ್ದರೆ ಸಾಕು, ಸಿನಿಮಾ ನಟನ ಚಿತ್ರ ಇರಬೇಕಾಗಿಲ್ಲ. ಈ ಮಾಗಿಯಲ್ಲಿ ಮಲಗುವಾಗ ಪುಡಿ ಏಳುವ ಜಾಗಕ್ಕೆ ಮಾತ್ರ ಚೂರು ವ್ಯಾಸಲಿನ್ ಸವರು. ನಾಲ್ಕಾಣೆಯ ವ್ಯಾಸಲಿನ್ನಿನ ಹಾಗೆ ನೀರು ತಡೆಯುವ ದುಬಾರಿ ವಸ್ತುವನ್ನು ನಾನಂತೂ ನೋಡಿಲ್ಲ.

ನಿನ್ನ ಅಜ್ಜಿಯ ಮದ್ದುಗಳ ವಿಷಯಕ್ಕೆ ಬರೋಣ, ಅವಳು ಇಲ್ಲದಿರುವಾಗಲೇ. ಹಾಲಿನ ಕೆನೆ ತೊಂದರೆಯಿಲ್ಲ, ಹುಳಿ ವಾಸನೆ ಬರುವ ಮೊದಲು ತೊಳೆದರೆ ಆಯಿತು. ಕೊಬ್ಬರಿ ಎಣ್ಣೆ ಕೈಕಾಲಿಗೆ ಅಮೃತ. ಮೊಡವೆ ಏಳುವ ಮುಖಕ್ಕೆ ಬೇಡ, ರಂಧ್ರ ಕಟ್ಟುತ್ತದೆ. ಲೋಳೆಸರ ತಂಪು ಕೊಡುತ್ತದೆ, ಆದರೆ ಎಲೆ ಕೊಯ್ದಾಗ ಒಸರುವ ಹಳದಿ ರಸವನ್ನು ತೊಳೆದು ಒಳಗಿನ ತಿರುಳು ಮಾತ್ರ ತೆಗೆದುಕೋ, ಆ ರಸ ತುರಿಕೆ ತರುತ್ತದೆ. ನಿಂಬೆಹಣ್ಣನ್ನು ಮಾತ್ರ ಮುಖದ ಹತ್ತಿರವೂ ತರಬೇಡ. ನಿಂಬೆ ರಸ ಹಚ್ಚಿ ಬಿಸಿಲಿಗೆ ಹೋದ ಕೆನ್ನೆ ಸುಟ್ಟಂತಾಗಿ, ತಿಂಗಳುಗಟ್ಟಲೆ ಕಪ್ಪು ಉಳಿಸಿಕೊಂಡವರನ್ನು ಕಂಡಿದ್ದೇನೆ. ಪಟಿಕ? ಕೊಯ್ದಲ್ಲಿ ರಕ್ತ ನಿಲ್ಲಿಸಲು ಅದಕ್ಕಿಂತ ಒಳ್ಳೆಯದಿಲ್ಲ. ಗಾಯಕ್ಕೆ ಮುಟ್ಟಿಸಿ, ಅರೆ ನಿಮಿಷ ಬಿಟ್ಟು ತೊಳೆ. ಮುಖಕ್ಕೆಲ್ಲ ಉಜ್ಜಿದರೆ ನಿನ್ನ ಒಣ ಚರ್ಮ ಇನ್ನೂ ಒಣಗುತ್ತದೆ. ಕಟಿಂಗ್ ಶಾಪಿನಲ್ಲಿ ಎಲ್ಲರ ಕೆನ್ನೆಗೂ ಓಡಾಡುವ ಒಂದೇ ಪಟಿಕದ ಕಲ್ಲು ನಿನಗೆ ಬೇಡ. ಬ್ಲೇಡು ಹೊಸದೇ ಹಾಕುತ್ತಾರಾ ಅಂತ ಕಣ್ಣಾರೆ ನೋಡು. ಒಂದೇ ಬ್ಲೇಡಿನಲ್ಲಿ ಹೆಪಟೈಟಿಸ್ ಬಿ, ಸಿ ಹರಡಬಲ್ಲವು. ಇದು ಶಾಪಿನವರ ಮೇಲಿನ ಅನುಮಾನವಲ್ಲ, ಕೇಳಿದರೆ ಅವರು ಬೇಸರವನ್ನೂ ಮಾಡಿಕೊಳ್ಳುವುದಿಲ್ಲ.

ಪಿನ್ನು. ಅದನ್ನು ನಿಮ್ಮಮ್ಮನಿಗೆ ವಾಪಸ್ ಕೊಡು. ನೀನು ಅಗೆದ ಮೂರು ಜಾಗ ಆಗಲೇ ಕಪ್ಪಗಾಗಿವೆ. ನಮ್ಮ ಬಣ್ಣದ ಚರ್ಮದಲ್ಲಿ ಉರಿ ಆರಿದರೂ ಕಲೆ ತಿಂಗಳುಗಟ್ಟಲೆ ನಿಲ್ಲುತ್ತದೆ, ಕೆಲವರಿಗೆ ದವಡೆಯ ಮೇಲೆ ಗಂಟುಗಂಟಾದ ಗುರುತೇ ಏಳುತ್ತದೆ. ಬಿಸಿ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಐದು ಹತ್ತು ನಿಮಿಷ ಒತ್ತಿ ಹಿಡಿ. ಆಗ ಕೂದಲಿನ ಕುಣಿಕೆ ಚರ್ಮದ ಮೇಲೇ ಕಂಡರೆ, ಸ್ಪಿರಿಟ್ಟಿನಲ್ಲಿ ಒರೆಸಿದ ಸೂಜಿಯಿಂದ ಆ ಕುಣಿಕೆಯನ್ನು ಮೆಲ್ಲಗೆ ಎತ್ತಿ ತುದಿ ಬಿಡಿಸು, ಅಷ್ಟೇ. ಕೀಳಬೇಡ. ಕಿತ್ತ ಕೂದಲು ಮತ್ತೆ ಬರುವಾಗ ಒಳಗೇ ಚುಚ್ಚುತ್ತದೆ. ಕುಣಿಕೆ ಕಾಣದಿದ್ದರೆ ಮುಟ್ಟಲೇಬೇಡ. ಗುಳ್ಳೆ ತುಸು ಇಳಿದ ಮೇಲೆ, ಶೇವ್ ಮಾಡದ ರಾತ್ರಿ, ವಾರಕ್ಕೆರಡು ಮೂರು ಸಲ 2 ಪರ್ಸೆಂಟಿನ ಸ್ಯಾಲಿಸಿಲಿಕ್ ಆ್ಯಸಿಡ್ ಲೋಷನ್ ಹಚ್ಚಬಹುದು, ಗಡುಸು ಮೇಲ್ಪದರ ಸಡಿಲವಾಗುತ್ತದೆ. ಒಣ ಚರ್ಮದವರು ದಿನಾ ಹಚ್ಚಿದರೆ ಇನ್ನೊಂದು ಅವಾಂತರ. ಹಗಲು ಹೊರಗೆ ಹೋಗುವಾಗ ಸನ್‌ಸ್ಕ್ರೀನ್ ಇದ್ದರೆ ಕಲೆ ಬೇಗ ತಿಳಿಯಾಗುತ್ತದೆ.

ಒಂದು ಎಚ್ಚರಿಕೆ ಮಾತ್ರ ಮನಸ್ಸಿಟ್ಟು ಕೇಳು. ಔಷಧಿ ಅಂಗಡಿಯಲ್ಲಿ ಗುಳ್ಳೆ ತೋರಿಸಿ ಮುಲಾಮು ಕೇಳಬೇಡ. ಸ್ಟಿರಾಯ್ಡ್, ಆ್ಯಂಟಿಬಯೋಟಿಕ್, ಫಂಗಸ್ ಔಷಧ ಮೂರನ್ನೂ ಒಂದೇ ಟ್ಯೂಬಿನಲ್ಲಿ ಕಲಸಿದ್ದನ್ನು ಕೊಟ್ಟುಬಿಡುತ್ತಾರೆ. ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಕೂಡದು ಅಂತ 2018ರಲ್ಲೇ ನಿಯಮವಾಗಿದೆ, ಆದರೂ ಸಿಗುತ್ತವೆ. ನಾಲ್ಕು ದಿನ ಮಾಯವಾದಂತೆ ಕಾಣುತ್ತದೆ. ಆಮೇಲೆ ಚರ್ಮ ತೆಳ್ಳಗಾಗಿ, ಬಿಟ್ಟರೆ ಉರಿ, ಹಚ್ಚಿದರೆ ಕೇಡು ಅನ್ನುವ ಸ್ಥಿತಿ. ಗುಳ್ಳೆ ಅಂದುಕೊಂಡದ್ದು ಗಡ್ಡದಲ್ಲಿ ಎದ್ದ ಹುಳುಕಡ್ಡಿಯೇ ಆಗಿದ್ದರೆ ಒಳಗೊಳಗೇ ಹರಡುತ್ತದೆ. ಬಳೆಯಂತೆ ದುಂಡಗೆ ಹರಡುತ್ತಿದ್ದರೆ, ಕೀವು ತುಂಬಿದರೆ, ಜ್ವರ ಬಂದರೆ ಚರ್ಮದ ಡಾಕ್ಟರ ಹತ್ತಿರ ಹೋಗು.

ಹೋಟೆಲಿನಲ್ಲಿ ಕ್ಲೀನ್ ಶೇವ್ ಕಡ್ಡಾಯ ಅನ್ನುತ್ತೀಯ. ಅದೇ ಡಾಕ್ಟರಿಂದ ಒಂದು ಚೀಟಿ ಬರೆಸಿಕೋ. ಅಮೆರಿಕದ ಸೈನ್ಯದಲ್ಲೇ, ಗುಂಗುರು ಗಡ್ಡದ ಕಪ್ಪು ವರ್ಣೀಯ ಸೈನಿಕರು ಇದೇ ಗುಳ್ಳೆಗೆ ಸೋತು, ಡಾಕ್ಟರ ಚೀಟಿಯ ಮೇಲೆ ಶೇವಿಂಗಿನಿಂದ ವಿನಾಯಿತಿ ಪಡೆದದ್ದುಂಟು. ಬಂದೂಕು ಹಿಡಿದವರಿಗೆ ಸಿಕ್ಕ ವಿನಾಯಿತಿ ರೂಮಿನ ಬೀಗದ ಕೈ ಕೊಡುವವನಿಗೆ ಸಿಗದೇ? ಮೂರು ನಾಲ್ಕು ವಾರ ಬ್ಲೇಡು ಮುಟ್ಟಬೇಡ. ಆಮೇಲೆ ಟ್ರಿಮ್ಮರಿನಲ್ಲಿ ಒಂದು ಮಿಲಿಮೀಟರ್ ಬಿಟ್ಟು ಕತ್ತರಿಸಿಕೋ, ಕೌಂಟರಿನಾಚೆ ನಿಂತ ಗಿರಾಕಿಗೆ ಅಷ್ಟು ಸಣ್ಣದು ಕಾಣುವುದೂ ಇಲ್ಲ.

ಗೇಟಿನ ಸದ್ದಾಯಿತು, ಬಂದರು ಅನಿಸುತ್ತದೆ. ಮಫ್ಲರ್ ಸುತ್ತಿಕೊಳ್ಳಬೇಡ, ಉಣ್ಣೆ ಉಜ್ಜಿದರೆ ಇನ್ನೂ ಕೆರಳುತ್ತದೆ. ಶಿವರಾತ್ರಿಗೆ ಗಡ್ಡ ಬಿಟ್ಟುಕೊಂಡೇ ಬಾ. ಅಜ್ಜಿ ಕೇಳಿದರೆ ಧರ್ಮಸ್ಥಳಕ್ಕೆ ಹರಕೆ ಹೊತ್ತಿದ್ದಾನೆ ಅಂತ ನಾನು ಹೇಳಿಕೊಳ್ಳುತ್ತೇನೆ. ಆ ಬ್ಯಾಗಿನ ಪಕ್ಕದ ಜೇಬಿನಲ್ಲಿ ವ್ಯಾಸಲಿನ್ ಡಬ್ಬಿ ಇಟ್ಟಿದ್ದೇನೆ, ಎಳ್ಳುಬೆಲ್ಲದ ಪೊಟ್ಟಣದ ಕೆಳಗೆ.