ಮನದಾಳದ ನೋವಿಗೆ ಮಾತಿನ ಮದ್ದು

ಮದುವೆಯಾಗಿ ವರ್ಷ ತುಂಬುವಷ್ಟರಲ್ಲಿ ಹೆಣ್ಣುಮಗಳೊಬ್ಬಳಿಗೆ ಮೈನಡುಕ, ಮೂರ್ಛೆ ಆರಂಭವಾಗುತ್ತದೆ. ಒಮ್ಮೊಮ್ಮೆ ಮಾತೇ ನಿಂತುಹೋಗುತ್ತದೆ. ಊರ ವೈದ್ಯರು ನೋಡಿದ್ದಾಯಿತು, ಮಂಗಳೂರಿನಲ್ಲಿ ಸ್ಕ್ಯಾನಿಂಗ್ ಆಯಿತು; ದೋಷವೇನೂ ಕಾಣದು. ಮನೆಯವರು 'ನಾಟಕ' ಎಂದರೆ ನೆರೆಯವರು 'ಸೋಂಕು' ಎನ್ನುತ್ತಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆಯವರಾದ ನಿಮಗೆ ಇಂಥ ಕತೆ ಹೊಸದಲ್ಲ. ಆದರೆ ಇದು ಬೇಕೆಂದು ಮಾಡುವ ನಾಟಕವಲ್ಲ, ಚಿಕಿತ್ಸೆಯಿರುವ ಕಾಯಿಲೆ.

ಆಳದ ಮನಶ್ಶಾಸ್ತ್ರ ಎಂದರೇನು?

ಹೇಳಿಕೊಳ್ಳಲಾಗದ ಸಿಟ್ಟು, ದುಃಖ, ಭಯಗಳನ್ನು ಮನಸ್ಸು ಒಳಕ್ಕೆ ಅದುಮುತ್ತದೆ. ಅವು ದೇಹದ ಮೂಲಕ ಹೊರಬರುತ್ತವೆ. 1895ರಲ್ಲಿ ವಿಯೆನ್ನಾದ ವೈದ್ಯರಾದ ಬ್ರೂಯರ್ ಮತ್ತು ಫ್ರಾಯ್ಡ್ ಹಿಸ್ಟೀರಿಯಾದ ಬಗ್ಗೆ ಬರೆದ ಗ್ರಂಥದ ಸಾರ ಇದು. ಯುಂಗ್ ಅವರು ಕನಸು, ಪುರಾಣಗಳಲ್ಲಿ ಮನುಕುಲಕ್ಕೆಲ್ಲ ಸಮಾನವಾದ ಪ್ರತೀಕಗಳನ್ನು ಗುರುತಿಸಿದರು. ನಮ್ಮ ದೇಶದಲ್ಲಿ ಗಿರೀಂದ್ರಶೇಖರ ಬೋಸ್ 1922ರಲ್ಲೇ ಕಲಕತ್ತಾದಲ್ಲಿ ಮನೋವಿಶ್ಲೇಷಣಾ ಸಂಘವನ್ನು ಸ್ಥಾಪಿಸಿದರು.

ಸಿರಿ ಹೇಳುವ ಪಾಠ

ಬೆಳ್ತಂಗಡಿ ತಾಲೂಕಿನ ಮಾಚಾರು ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಮಹಾಕಾವ್ಯ 1998ರಲ್ಲಿ ಪ್ರಕಟವಾಯಿತು. ಅದರಲ್ಲಿ 15,683 ಸಾಲುಗಳಿವೆ. ಸಿರಿ ತನ್ನನ್ನು ಅವಮಾನಿಸಿದ ಗಂಡ ಕಾಂತು ಪೂಂಜನನ್ನು ತೊರೆದು ಹೋಗುವವಳು. ನಂದಳಿಕೆ, ಕವತ್ತಾರು ಮೊದಲಾದ ಆಲಡೆಗಳ ಜಾತ್ರೆಯಲ್ಲಿ ಮಹಿಳೆಯರು ಆವೇಶಗೊಂಡು ಸಿರಿಯಾಗಿ, ಸೊನ್ನೆಯಾಗಿ, ಅಬ್ಬಗ-ದಾರಗರಾಗಿ ಮಾತನಾಡುತ್ತಾರೆ. ಕುಮಾರನು ಅವರನ್ನು ಪ್ರಶ್ನಿಸಿ ಉತ್ತರ ಪಡೆಯುತ್ತಾನೆ. ಮನೆಯಲ್ಲಿ ತುಟಿ ಬಿಚ್ಚಲಾಗದ ಸೊಸೆಯ ಮಾತನ್ನು ಅಲ್ಲಿ ಕುಟುಂಬವೇ ನಿಂತು ಕೇಳಬೇಕಾಗುತ್ತದೆ. ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ ಈ ಆಚರಣೆಯನ್ನು 1970ರ ದಶಕದಿಂದಲೇ ಅಧ್ಯಯನ ಮಾಡಿದರು.

ಭಕ್ತರ ಪಾಲಿಗೆ ಇದು ಆರಾಧನೆ, ರೋಗವಲ್ಲ. ಆದರೂ ಚಿಕಿತ್ಸಕರಿಗೆ ಇದರಲ್ಲಿ ಪಾಠವಿದೆ: ನೋವಿಗೆ ಒಂದು ಕತೆ ಸಿಗಬೇಕು, ಅದನ್ನು ಕೇಳುವವರು ಬೇಕು.

ಇಂದಿಗೂ ಪ್ರಸ್ತುತವೇ?

ಫ್ರಾಯ್ಡರ ಎಲ್ಲ ವಾದಗಳೂ ಪರೀಕ್ಷೆಯಲ್ಲಿ ನಿಂತಿಲ್ಲ. ವರ್ಷಗಟ್ಟಲೆ ಮಂಚದ ಮೇಲೆ ಮಲಗಿಸಿ ಮಾತನಾಡಿಸುವ ಪದ್ಧತಿಯೂ ಈಗ ವಿರಳ. ಅದರಿಂದ ಬೆಳೆದ ಮನೋಗತಿ ಚಿಕಿತ್ಸೆಯಲ್ಲಿ ವಾರಕ್ಕೊಮ್ಮೆ, ಎದುರುಬದುರು ಕುಳಿತು, ಕೆಲವು ತಿಂಗಳು ಮಾತುಕತೆ ನಡೆಯುತ್ತದೆ. ಮತ್ತೆ ಮತ್ತೆ ಅದೇ ಬಗೆಯ ಜಗಳ, ಅದೇ ಬಗೆಯ ಭಯ ಏಕೆ ಎಂದು ರೋಗಿ ತಾನೇ ಅರಿಯುತ್ತಾಳೆ. 2010ರಲ್ಲಿ ಜೊನಾಥನ್ ಶೆಡ್ಲರ್ ಹಲವು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ, ಇದರ ಗುಣ ಚಿಕಿತ್ಸೆ ಮುಗಿದ ಮೇಲೂ ಉಳಿಯುತ್ತದೆ, ಹೆಚ್ಚುತ್ತದೆ ಎಂದು ತೋರಿಸಿದರು. ಖಿನ್ನತೆ, ಆತಂಕ, ವ್ಯಕ್ತಿತ್ವದ ದೋಷ, ಮನೋದೈಹಿಕ ಬೇನೆಗಳಲ್ಲಿ ಇದು ಪ್ರಯೋಜನಕಾರಿ ಎಂದು 2023ರ ಸಮೀಕ್ಷೆಯೂ ಹೇಳಿತು.

ಆದರೆ ಇದು ಸರ್ವರೋಗಕ್ಕೂ ಮದ್ದಲ್ಲ. ಸ್ಕಿಜೋಫ್ರೇನಿಯಾ, ಉನ್ಮಾದ, ತೀವ್ರ ಖಿನ್ನತೆಗಳಲ್ಲಿ ಔಷಧಿ ಅತ್ಯಗತ್ಯ. ಗೀಳು ರೋಗಕ್ಕೆ ವರ್ತನಾ ಚಿಕಿತ್ಸೆ ಮೇಲು.

ನೀವು ಮಾಡಬೇಕಾದುದು

1. ಮೂರ್ಛೆ ಬಂದರೆ ಮೊದಲು ವೈದ್ಯರಿಗೆ ತೋರಿಸಿ. ಇ.ಇ.ಜಿ. ಸರಿಯಿದ್ದ ಮಾತ್ರಕ್ಕೆ ಅಪಸ್ಮಾರವಿಲ್ಲ ಎನ್ನಲಾಗದು. ಎರಡೂ ಒಟ್ಟಿಗೆ ಇರಬಹುದು.

2. ಹೊಡೆಯುವುದು, ಬರೆ ಹಾಕುವುದು, ಮೂಗಿಗೆ ಹೊಗೆ ಹಿಡಿಯುವುದು ಬೇಡ. ಪೂಜೆ, ಹರಕೆ ನಡೆಯಲಿ; ಔಷಧಿ ನಿಲ್ಲಿಸಬೇಡಿ.

3. ಮೂರ್ಛೆ ಬಂದಾಗ ಸುತ್ತ ಮುತ್ತಿಕೊಂಡು ಗಾಬರಿಪಡಬೇಡಿ. ಅದು ಇಳಿದ ಮೇಲೆ, ಬೇರೆ ಹೊತ್ತಿನಲ್ಲಿ, ಆಕೆಯ ಮಾತಿಗೆ ಕಿವಿಗೊಡಿ. 'ಏನಾಗಿದೆ ನಿನಗೆ?' ಎಂದು ಗದರುವ ಬದಲು 'ಏನು ಕಷ್ಟ?' ಎಂದು ಕೇಳಿ.

4. ಆಕೆಗೆ ಏಕಾಂತದಲ್ಲಿ ಚಿಕಿತ್ಸಕರೊಡನೆ ಮಾತನಾಡಲು ಅವಕಾಶ ಕೊಡಿ. ಜೊತೆಗೆ ಹೋದವರು ಹೊರಗೆ ಕುಳಿತಿರಿ.

5. ಸಾಯುವ ಮಾತು ಆಡಿದರೆ ಹಗುರಾಗಿ ತೆಗೆದುಕೊಳ್ಳಬೇಡಿ. ಒಂಟಿಯಾಗಿ ಬಿಡದೆ ತಕ್ಷಣ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಸಲಹೆ ದೊರೆಯುತ್ತದೆ.

ಮನೆಯಲ್ಲಿ ಮಾತಿಗೆ ಜಾಗವಿದ್ದರೆ ದೇಹ ಕೂಗಿಕೊಳ್ಳಬೇಕಾದ ಪ್ರಸಂಗ ಕಡಿಮೆಯಾಗುತ್ತದೆ.