ನಿನ್ನ 54ರ ವಿಷಯವಾಗಿ

ಶಿವಮೊಗ್ಗ

ಅನಘಾ, ವಾಟ್ಸ್ಯಾಪಿನಲ್ಲೇ ಬರೆಯಬಹುದಿತ್ತು. ಆದರೆ ಅಲ್ಲಿ ನಾನು ನಾಲ್ಕು ಸಾಲು ಒತ್ತುವಷ್ಟರಲ್ಲಿ ನೀನು ಹೆಬ್ಬೆರಳು ತೋರಿಸಿ ಮಾಯವಾಗಿಬಿಡುತ್ತೀಯ. ಅದಕ್ಕೇ ಕಾಗದದ ಮೇಲೆ ಬರೆದು, ನಿನ್ನ ತಮ್ಮನ ಕೈಲಿ ಫೋಟೋ ತೆಗೆಸಿ ಕಳಿಸುತ್ತಿದ್ದೇನೆ. ನಿಧಾನವಾಗಿ ಓದು.

ಪ್ರೀಕ್ಯಾಲ್ಕುಲಸ್ ಮಿಡ್‌ಟರ್ಮಿನಲ್ಲಿ ನಿನಗೆ 54 ಎಂದಾಗ ನಿನ್ನಪ್ಪ ಗಾಬರಿಯಾಗಲೇ ಇಲ್ಲ. "ಸೆಕೆಂಡ್ ಕ್ಲಾಸಲ್ವಾ, ಗಣಿತ ಬಿಟ್ಟು ಎರಡು ವರ್ಷ ಆಗಿತ್ತು, ಪರವಾಗಿಲ್ಲ" ಅಂದ. 35 ಬಂದರೆ ಗೆದ್ದೆವು ಅಂದುಕೊಂಡು ಬೆಳೆದವರು ನಾವು. ನೀನು ಕಳಿಸಿದ ಸಿಲಬಸ್ ಓದಿದಾಗ ತಾನೇ ನನಗೂ ತಿಳಿದದ್ದು, ನಿಮ್ಮಲ್ಲಿ 90ಕ್ಕೆ ಎ, 80ಕ್ಕೆ ಬಿ, 70ಕ್ಕೆ ಸಿ, 60ರ ಕೆಳಗಿದ್ದರೆ ಎಫ್ ಅಂತ. ಆ ರಾತ್ರಿ ನೀನು ಯಾಕೆ ಅಷ್ಟು ಅತ್ತೆ ಅನ್ನುವುದು ಆಗ ಅರ್ಥವಾಯಿತು. ಅವನಿಗೆ ನಾನಿನ್ನೂ ಹೇಳಿಲ್ಲ.

ಎಕನಾಮಿಕ್ಸ್ ಓದಲು ಒಹಾಯೋಗೆ ಹೋದವಳನ್ನು ಪ್ಲೇಸ್‌ಮೆಂಟ್ ಪರೀಕ್ಷೆ ಬರೆಸಿ, "ಕ್ಯಾಲ್ಕುಲಸ್‌ಗೆ ಮೊದಲು ಪ್ರೀಕ್ಯಾಲ್ಕುಲಸ್ ಮುಗಿಸು" ಎಂದು ಕೂರಿಸಿದರಲ್ಲ, ಅದರ ಅವಮಾನ ನಿನಗಿನ್ನೂ ಹೋಗಿಲ್ಲ. ರೂಮ್‌ಮೇಟ್ ಕ್ಯಾಲ್ಕುಲಸ್‌ನಲ್ಲಿದ್ದಾಳೆ, ತಾನು ಮಾತ್ರ ಫಂಕ್ಷನ್, ಲಾಗ್, ಸೈನ್, ಕಾಸ್ ಮಾಡಿಕೊಂಡಿದ್ದೇನೆ ಅಂತ. ಇಷ್ಟು ವರ್ಷ ಪಿಯು ಕಾಲೇಜಿನಲ್ಲಿ ಪಾಠ ಮಾಡಿದವಳು ಹೇಳುತ್ತೇನೆ ಕೇಳು. ಕ್ಯಾಲ್ಕುಲಸ್ ಲೆಕ್ಕದಲ್ಲಿ ಡಿಫರೆನ್ಸಿಯೇಷನ್ ಬಾರದೆ ಬಿದ್ದವರನ್ನು ನಾನು ಕಂಡದ್ದು ಕಡಿಮೆ. ಅದನ್ನೆಲ್ಲ ಸರಿಯಾಗಿ ಮಾಡಿ, ಕೊನೆಯ ಎರಡು ಸಾಲಿನ ಬೀಜಗಣಿತದಲ್ಲಿ ಮುಗ್ಗರಿಸಿದವರೇ ಜಾಸ್ತಿ. ನಿನ್ನನ್ನು ಕೂರಿಸಬೇಕಾದ ಕಡೆಯೇ ಕೂರಿಸಿದ್ದಾರೆ.

ನೀನು ಎಡವಿದ ಲಾಗ್ ವಿಷಯಕ್ಕೆ ಬಂದರೆ, ನನ್ನ ವಿದ್ಯಾರ್ಥಿ ದೆಸೆಯಲ್ಲಿ ಕ್ಯಾಲ್ಕುಲೇಟರ್ ಇರಲಿಲ್ಲ, ಕ್ಲಾರ್ಕ್ಸ್ ಟೇಬಲ್ಸ್ ಎಂಬ ತೆಳ್ಳನೆಯ ಪುಸ್ತಕವಿತ್ತು. ನಾವದನ್ನು ಲಾಗ್ ಬುಕ್ ಅನ್ನುತ್ತಿದ್ದೆವು. ಎರಡು ದೊಡ್ಡ ಸಂಖ್ಯೆ ಗುಣಿಸಬೇಕೆ? ಎರಡರ ಲಾಗನ್ನೂ ಪುಟದಲ್ಲಿ ಹುಡುಕಿ, ಕೂಡಿಸಿ, ಬಂದದ್ದನ್ನು ಆಂಟಿಲಾಗ್ ಪುಟದಲ್ಲಿ ನೋಡುವುದು. 1614ರಲ್ಲಿ ಸ್ಕಾಟ್ಲೆಂಡಿನ ನೇಪಿಯರ್ ಲಾಗರಿದಮ್ ಪ್ರಕಟಿಸಿದ್ದೇ ಗುಣಾಕಾರದ ಕಷ್ಟವನ್ನು ಸಂಕಲನಕ್ಕೆ ಇಳಿಸಲಿಕ್ಕೆ. ದಿನವೂ ಬೆರಳಿಟ್ಟು ಸಾಲು ಹುಡುಕಿದ್ದರಿಂದ, ಲಾಗ್ ಕೂಡಿಸಿದರೆ ಒಳಗಿನದು ಗುಣಾಕಾರವಾಗುತ್ತದೆ ಅನ್ನುವುದನ್ನು ಯಾರೂ ನಮಗೆ ಸೂತ್ರವಾಗಿ ಬಾಯಿಪಾಠ ಮಾಡಿಸಬೇಕಾಗಲಿಲ್ಲ. ನಿನ್ನ ಕೈಗೆ ಆ ಪುಸ್ತಕ ಬರಲಿಲ್ಲ, ಅದು ನಿನ್ನ ತಪ್ಪಲ್ಲ.

ಈಗ ನಿನ್ನ ಮಿಡ್‌ಟರ್ಮಿನ ನಾಲ್ಕನೇ ಪ್ರಶ್ನೆಗೆ ಬರೋಣ. ಬೇಸ್ 2ರಲ್ಲಿ ಲಾಗ್ ಎಕ್ಸ್‌ಗೆ ಲಾಗ್ ಆಫ್ ಎಕ್ಸ್ ಮೈನಸ್ 2 ಕೂಡಿಸಿದರೆ 3, ಎಕ್ಸ್ ಎಷ್ಟು? ನೀನು ಒಳಗಿನದನ್ನೇ ಕೂಡಿಸಿಬಿಟ್ಟಿದ್ದೀಯ. ಎರಡು ಎಕ್ಸ್ ಮೈನಸ್ 2 ಸಮ 8, ಆದ್ದರಿಂದ ಎಕ್ಸ್ 5. ಅಂದವಾಗಿ ಚೌಕ ಬೇರೆ ಹಾಕಿದ್ದೀಯ. ಆ 5ನ್ನು ಒಂದು ಸಲ ಮೇಲೆ ಹಾಕಿ ನೋಡಿದ್ದರೆ? 5ರ ಲಾಗು, 3ರ ಲಾಗು, ಕೂಡಿದರೆ 15ರ ಲಾಗು. ಬೇಕಾಗಿದ್ದದ್ದು 8ರ ಲಾಗು. ಗುಣಿಸಿದ್ದರೆ ಎಕ್ಸ್ ವರ್ಗ ಮೈನಸ್ ಎರಡು ಎಕ್ಸ್ ಸಮ 8, ಉತ್ತರ 4 ಮತ್ತು ಮೈನಸ್ 2 ಬರುತ್ತಿತ್ತು. ಋಣ ಸಂಖ್ಯೆಗೆ ಇಲ್ಲಿ ಲಾಗ್ ಇಲ್ಲ, ಮೈನಸ್ 2 ಬಿಟ್ಟುಹೋಗುತ್ತದೆ. ನಿಮ್ಮ ಮೇಷ್ಟ್ರು ಡೊಮೈನ್, ಡೊಮೈನ್ ಅಂತ ಜೀವ ತಿನ್ನುತ್ತಾರೆ ಅಂದೆಯಲ್ಲ, ಅವರು ಹೇಳುವುದು ಈ ಎಚ್ಚರವನ್ನೇ. ಒಂಬತ್ತನೇ ಶತಮಾನದಲ್ಲೇ, ನಮ್ಮ ನೃಪತುಂಗನ ಕಾಲದ ಮಹಾವೀರಾಚಾರ್ಯ ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಗಣಿತಸಾರಸಂಗ್ರಹದಲ್ಲಿ ಎಚ್ಚರಿಸಿದ್ದ.

ಆದರೂ ನಿನಗೆ 10ಕ್ಕೆ 3 ಕೊಟ್ಟಿದ್ದಾರೆ, ಸ್ಟೆಪ್ ಮಾರ್ಕ್ಸ್. ವ್ಯಾಲ್ಯುಯೇಷನ್‌ಗೆ ಹೋದಾಗ ನಾವೂ ಹಾಗೇ, ಸಾಲಿಗಿಷ್ಟು ಅಂತ ಕೊಡುತ್ತಿದ್ದೆವು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಾತ್ರ ನಾನು ಕಿರುಪರೀಕ್ಷೆಗಳಲ್ಲಿ ಕೊನೆಯ ಸಾಲು ನೋಡಿ ಸೊನ್ನೆ ಸುತ್ತುತ್ತಿದ್ದೆ, ಅದು ಬೇರೆ ಮಾತು.

ನನಗೆ ಯೋಚನೆಯಾದದ್ದು ಆ 54 ನೋಡಿ ಅಲ್ಲ ಕಣೇ. ಇದೇ ಪಾಠಗಳ ಹೋಮ್‌ವರ್ಕಿನಲ್ಲಿ ನಿನಗೆ 96 ಇದೆ, ಅದನ್ನು ನೋಡಿ. ನವರಾತ್ರಿಯಲ್ಲಿ ಗೊಂಬೆ ನೋಡಲು ವಿಡಿಯೋ ಕಾಲ್ ಮಾಡಿದಾಗ ನೀನು ಮಾತಾಡುತ್ತಲೇ ಹೋಮ್‌ವರ್ಕ್ ಮಾಡುತ್ತಿದ್ದೆ. ಉತ್ತರ ಒತ್ತಿದೆ, ಕೆಂಪು ಗುರುತು ಬಂತು. ಇಂಥದ್ದೇ ಇನ್ನೊಂದು ಲೆಕ್ಕ ತೋರಿಸು ಅನ್ನುವ ಗುಂಡಿ ಒತ್ತಿದೆ. ಅದು ಒಂದೊಂದೇ ಸಾಲು ಬಿಡಿಸಿ ತೋರಿಸಿತು, ನೀನು ಸಂಖ್ಯೆ ಬದಲಿಸಿದೆ, ಹಸಿರು ಟಿಕ್ ಬಂತು. ನಡುವೆ ನನ್ನನ್ನು "ಪಟ್ಟದ ಗೊಂಬೆ ಸೀರೆ ಹೊಸದಾ?" ಎಂದು ಕೇಳಿದೆ. ಯಾರದೋ ಸ್ಕೂಟರಿನ ಹಿಂದೆ ಕೂತು ಹೋಗಿಬಂದ ಮನೆಯನ್ನು ಮಾರನೇ ದಿನ ಒಬ್ಬಳೇ ಹುಡುಕಿಕೊಂಡು ಹೋಗು ಅಂದರೆ ಎಲ್ಲಿ ಸಿಗುತ್ತದೆ?

ಅದಕ್ಕೇ ನಾನು ಹೇಳುವುದು ಒಂದೇ. ಹಸಿರು ಟಿಕ್ ಬಿದ್ದ ದಿನ ಆ ಲೆಕ್ಕ ಮುಗಿಯಿತು ಅಂದುಕೊಳ್ಳಬೇಡ. ಮಾರನೇ ದಿನ ಬೆಳಗ್ಗೆ, ಲ್ಯಾಪ್‌ಟಾಪ್ ಮುಚ್ಚಿ, ಫೋನು ಆಚೆ ಇಟ್ಟು, ನಿನ್ನೆಯ ನಾಲ್ಕೈದು ಲೆಕ್ಕಗಳ ಪ್ರಶ್ನೆ ಮಾತ್ರ ಒಂದು ನೋಟ್‌ಬುಕ್ಕಿಗೆ ಬರೆದುಕೊಂಡು, ಪೆನ್ನಿನಲ್ಲಿ ಮೊದಲಿನಿಂದ ಮಾಡು. ಪೆನ್ಸಿಲ್ ಬೇಡ, ಅಳಿಸುವ ಆಸೆಯಾಗುತ್ತದೆ. ಉತ್ತರವನ್ನು ಮತ್ತೆ ಪ್ರಶ್ನೆಗೆ ಹಾಕಿ ನೋಡು. ಎಲ್ಲಿ ನಿಂತೆಯೋ ಅಲ್ಲಿ ಅಡ್ಡಗೆರೆ ಎಳೆ. ಆ ಪುಟವನ್ನೇ ಹಿಡಿದುಕೊಂಡು ಆಫೀಸ್ ಅವರ್ಸ್‌ಗೆ ಹೋಗು. ನಮ್ಮ ಕಡೆ ಸ್ಟಾಫ್ ರೂಮಿಗೆ ಕರೆದರು ಅಂದರೆ ಬೈಸಿಕೊಳ್ಳಲಿಕ್ಕೇ ಎಂಬ ಭಯ, ಆ ಭಯವನ್ನು ನೀನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋಗಿದ್ದೀಯ. ಅಲ್ಲಿ ಆ ಹೊತ್ತು ಇರುವುದೇ ನಿಮಗೋಸ್ಕರ. "ಲಾಗ್ ಅರ್ಥವಾಗಲಿಲ್ಲ" ಅನ್ನಬೇಡ, ಅದಕ್ಕೆ ಯಾರೂ ಏನೂ ಹೇಳಲಾರರು. "ಈ ಸಾಲಿನವರೆಗೆ ಬಂದೆ, ಮುಂದೆ ಹೋಗಲಿಲ್ಲ" ಅನ್ನು.

ಇನ್ನು ಗ್ರೇಡಿನ ಲೆಕ್ಕ. ಕೂತು ಹಾಕಿದ್ದೇನೆ. ಹೋಮ್‌ವರ್ಕಿಗೆ ಇರುವುದು ಶೇಕಡಾ 15 ಮಾತ್ರ, ಕ್ವಿಜ್‌ಗೆ 10, ಎರಡು ಮಿಡ್‌ಟರ್ಮ್‌ಗೆ 20ರಂತೆ 40, ಫೈನಲ್‌ಗೆ 35. ಹೋಮ್‌ವರ್ಕ್ 96ರಲ್ಲೇ, ಕ್ವಿಜ್ 80ರಲ್ಲೇ ನಿಂತರೆ, ಈ 54 ಸೇರಿಸಿ ನಿನ್ನ ಕೈಲಿರುವುದು 33.2. ಉಳಿದ 55ರಲ್ಲಿ 46.8 ಬಂದರೆ ಬಿ, ಅಂದರೆ ಎರಡನೇ ಮಿಡ್‌ಟರ್ಮ್, ಫೈನಲ್ ಎರಡರಲ್ಲೂ 85ರ ಮೇಲೆ. ಸಿ ಸಾಕಾದರೆ 67 ಸಾಕು. 85 ಸುಲಭ ಅಂತ ನಾನು ಹೇಳುವುದಿಲ್ಲ. ಕ್ಲಾಸಿಗೆಲ್ಲ ಕರ್ವ್ ಹಾಕುತ್ತಾರೆ ಅಂತ ಯಾರೋ ಹೇಳಿದರಂತೆ, ಸಿಲಬಸ್ಸಿನಲ್ಲಿ ಹಾಗೇನೂ ಬರೆದಿಲ್ಲ, ಅದನ್ನು ನಂಬಿ ಕೂರಬೇಡ.

ಕೋರ್ಸ್ ಬಿಟ್ಟುಬಿಡಲೇ ಅಂತಲೂ ಕೇಳಿದ್ದೆ. ಬಿಟ್ಟದ್ದಕ್ಕೆ ಗ್ರೇಡಿನ ಬದಲು ಡಬ್ಲ್ಯೂ ಬಂದರೆ ಜಿಪಿಎಗೆ ಪೆಟ್ಟಿಲ್ಲ, ಸರಿ. ಆದರೆ ಎಫ್-1 ವೀಸಾದ ಮೇಲೆ ಡಿಗ್ರಿ ಓದುವವರು ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಇಟ್ಟುಕೊಳ್ಳಬೇಕು. ನಿನಗಿರುವುದು 13, ಇದೊಂದೇ 4. ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೇಳದೆ ಕೋರ್ಸ್ ಬಿಡುವ ಗುಂಡಿ ಮಾತ್ರ ಒತ್ತಬೇಡ, ಎಷ್ಟು ಬೇಜಾರಾಗಿದ್ದರೂ ಸರಿ.

ನಿನ್ನಪ್ಪನಿಗೆ ಆ 90, 80ರ ಕಥೆಯನ್ನು ನಾನೇ ಹೇಳುತ್ತೇನೆ, ಭಾನುವಾರ ಊಟವಾದ ಮೇಲೆ, ಅವನು ಆರಾಮವಾಗಿರುವಾಗ. ನೀನು ಆ ವಿಷಯ ತಲೆಗೆ ಹಚ್ಚಿಕೊಳ್ಳಬೇಡ. ಹುರಿಗಾಳು, ಚಟ್ನಿಪುಡಿ ಕಟ್ಟಿಟ್ಟಿದ್ದೇನೆ, ಪಕ್ಕದ ಮನೆಯವರ ಮಗ ಮುಂದಿನ ತಿಂಗಳು ಹೊರಡುತ್ತಾನೆ. ಸರಿಯಾಗಿ ಊಟ ಮಾಡು. ನಾಲ್ಕನೇ ಪ್ರಶ್ನೆ, ಏಳನೇ ಪ್ರಶ್ನೆ ಮತ್ತೆ ಮಾಡಿ, ಅಡ್ಡಗೆರೆ ಎಳೆದ ಪುಟ ಸಮೇತ ಫೋಟೋ ಕಳಿಸು. ಏಳನೆಯದು ಯೂನಿಟ್ ಸರ್ಕಲ್ ಚಿತ್ರ ಬರೆದುಕೊಂಡು ಮಾಡು, ಸೂತ್ರದಿಂದ ಬೇಡ.

ಇಂತಿ ನಿನ್ನ,
ದೊಡ್ಡಮ್ಮ